ಹಳೆಯ ಗಾಳಿಯಂತ್ರವೂ ಅದರ ದುರಸ್ತಿಯೂ

ಗಾಳಿಯ ಬಲದಿಂದ ಬಾವಿಯ ನೀರೆತ್ತುವ ಯಂತ್ರವು ಕನ್ನಡ ನಾಡಿನಲ್ಲಿ ಏತ ಕಪಿಲೆಗಳಷ್ಟು ಹಳೆಯದಲ್ಲ. ಗಾಳಿ ಬೀಸುವ ದಿಕ್ಕಿಗೆ ತಾನಾಗಿಯೇ ತಿರುಗಿಕೊಂಡು, ಬಿರುಗಾಳಿಯಲ್ಲಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವ ಯಂತ್ರವನ್ನು ಅಮೆರಿಕಾದಲ್ಲಿ ಡೇನಿಯಲ್ ಹ್ಯಾಲಡೇ ಎಂಬಾತನು 1854ರಲ್ಲಿ ನಿರ್ಮಿಸಿದನು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1960ರ ದಶಕದಲ್ಲಿ ನೀರೆತ್ತಲು ತಕ್ಕ ಒಂದು ಮಾದರಿಯನ್ನು ರಚಿಸಿದರು. ಅನಂತರ ವಿದ್ಯುತ್ ಪಂಪುಗಳೂ ಕೊಳವೆ ಬಾವಿಗಳೂ ಹಬ್ಬಿ, ಗಾಳಿಯಂತ್ರಗಳು ಮೂಲೆಗೆ ಬಿದ್ದುವು.

ಬೇಲೂರಿಗಿಂತ ಮಳೆ ಕಡಿಮೆಯಾದ ಅರಸೀಕೆರೆ ಕಡೆಯಲ್ಲಿ ತೆಂಗಿನ ತೋಟದ ಬಾವಿಯ ಬಳಿ ಇಂತಹ ಯಂತ್ರವೊಂದು ಉಳಿದಿದ್ದರೆ, ಅದನ್ನು ಮತ್ತೆ ನಡೆಸುವ ಆಸೆ ಸಹಜವೇ. ಆದರೆ ಕಬ್ಬಿಣಕ್ಕೆ ಹಣ ಹಾಕುವುದಕ್ಕೆ ಮೊದಲು ಮರಗಳನ್ನೂ ಬಾವಿಯನ್ನೂ ನೋಡತಕ್ಕದ್ದು.

ಗಾಳಿಯ ವೇಗವು ಎರಡರಷ್ಟಾದರೆ ಅದರ ಶಕ್ತಿಯು ಎಂಟರಷ್ಟಾಗುವುದು. ವೇಗವು ಅರ್ಧಕ್ಕಿಳಿದರೆ ಶಕ್ತಿಯು ಎಂಟನೆಯ ಒಂದು ಪಾಲಾಗುವುದು. ಯಂತ್ರವನ್ನು ನಿಲ್ಲಿಸಿದಾಗ ಸಸಿಗಳಾಗಿದ್ದ ತೆಂಗುಗಳು ಈಗ ಚಕ್ರವನ್ನು ಮೀರಿ ಬೆಳೆದು ಗಾಳಿಯನ್ನು ತಡೆಯುತ್ತಿರಬಹುದು. ಸುತ್ತಣ ಮರಗಳಿಗಿಂತ ಚಕ್ರವು 15 ಅಡಿಯಾದರೂ ಮೇಲಿರಬೇಕು. ಫಲ ಕೊಡುವ ಮರಗಳನ್ನು ಕಡಿಯುವುದು ಹುಚ್ಚುತನ. ಬಯಲಿನಲ್ಲಿ ಬೇರೊಂದು ಬಾವಿಯಿದ್ದರೆ ಯಂತ್ರವನ್ನೇ ಅಲ್ಲಿಗೆ ಸಾಗಿಸುವುದು ಲೇಸು.

ಇನ್ನು ಬಾವಿ. ನೀರು 20 ಅಡಿಯಿಂದ 40 ಅಡಿಗೆ ಇಳಿದಿದ್ದರೆ, ಅದೇ ಗಾಳಿಗೆ ದೊರೆಯುವ ನೀರು ಸುಮಾರು ಅರ್ಧವೇ. ಬಾವಿ ಬತ್ತಿದ್ದರೆ ಯಂತ್ರವು ಬರಿಯ ಅಲಂಕಾರ. ಆದುದರಿಂದ ಏಪ್ರಿಲ್ ತಿಂಗಳಲ್ಲಿ ಹಗ್ಗವಿಳಿಸಿ ನೀರಿನ ಆಳವನ್ನು ಅಳೆದಿಡತಕ್ಕದ್ದು. ಕೆರೆಯ ಕೆಳಗಣ ಬಾವಿಗಳಿಗೆ ಕೆರೆಯ ಜಿನುಗೇ ಆಧಾರ. ಅರಸೀಕೆರೆಗೆ ಹೆಸರು ಬಂದುದು ಅರಸಿಯ ಕೆರೆಯಿಂದ; ಹಳೇಬೀಡಿನಲ್ಲಿ ಹೊಯ್ಸಳರ ರಾಜಧಾನಿಯು ದ್ವಾರಸಮುದ್ರವೆಂದು ಕರೆಯಿಸಿಕೊಂಡುದೂ ಅಲ್ಲಿನ ಕೆರೆಯಿಂದಲೇ. ಊರಿನ ಕೆರೆಯಲ್ಲಿ ಹೂಳು ತುಂಬಿ, ಕಾಲುವೆ ಮುಚ್ಚಿಹೋಗಿದ್ದರೆ, ಮುಖಂಡರು ಜನರನ್ನು ಕೂಡಿಸಿ ಮೊದಲು ಆ ಕೆಲಸವನ್ನು ಹಿಡಿಯಬೇಕು. ಗೋಡು ಮಣ್ಣು ಹೊಲಕ್ಕೂ ಒಳ್ಳೆಯದು.

ಗಾಳಿಯು ಜೂನ್‌ನಿಂದ ಆಗಸ್ಟ್‌ವರೆಗೆ ಜೋರು, ಬೇಸಿಗೆಯಲ್ಲಿ ಮಂದ. ನೀರು ಹೆಚ್ಚಾಗಿ ಬೇಕಾದಾಗಲೇ ಯಂತ್ರವು ನಿಧಾನವಾಗುವುದು. ಇಡೀ ತೋಟವನ್ನು ಇದರಿಂದ ಕಾಯಲಾಗದು. ದನಗಳ ತೊಟ್ಟಿಗೂ ತೆಂಗಿನ ಸಸಿಮಡಿಗೂ ಇದು ಚೆನ್ನಾಗಿ ಒದಗುವುದು.

ಇಷ್ಟೆಲ್ಲ ಸರಿಯಿದ್ದರೆ ದುರಸ್ತಿ ಕಷ್ಟವಲ್ಲ. ಪಂಪಿನ ಚರ್ಮದ ಬಟ್ಟಲು ಒಣಗಿ ಸೀಳಿದ್ದರೆ ಹೊಸದನ್ನು ಹಾಕಿ, ಅಡಿಯ ಕವಾಟದ ಕಸವನ್ನು ತೆಗೆದು, ಹಲ್ಲುಚಕ್ರಗಳಿಗೆ ಎಣ್ಣೆ ತುಂಬಿ, ಸಡಿಲವಾದ ಬೋಲ್ಟುಗಳನ್ನು ಬಿಗಿಯತಕ್ಕದ್ದು. ಗಾಳಿಯಿಲ್ಲದ ಮುಂಜಾನೆಯಲ್ಲಿಯೂ ಚಕ್ರವನ್ನು ಹಗ್ಗದಿಂದ ಕಟ್ಟಿದ ಹೊರತು ಯಾರೂ ಮೇಲಕ್ಕೆ ಹತ್ತಕೂಡದು.