ಕೆಂಪಿನ ನಡುವೆ ಒಂದು ಹಳದಿ ಫಿಂಚ್

ಪ್ರಶ್ನೆ: ಕ್ಯಾಲಿಫೋರ್ನಿಯಾದ ನಮ್ಮ ಹಿತ್ತಲಿನ ಕಾಳಿನ ಬುಟ್ಟಿಗೆ ಕೆಂಪೆದೆಯ ಹೌಸ್ ಫಿಂಚ್‌ಗಳು ಬರುತ್ತವೆ. ಈಗ ಹಳದಿ ಎದೆಯದೊಂದು, ರೆಕ್ಕೆಯಲ್ಲಿ ಬಿಳಿ ಮಚ್ಚೆಯಿರುವುದೊಂದು ಜೊತೆಗೂಡಿವೆ. ಬೇರೆ ಜಾತಿಯೇ? ಕಾಯಿಲೆಯೇ?

ಉತ್ತರ: ಗಾಬರಿ ಬೇಡ, ಎರಡೂ ಹೌಸ್ ಫಿಂಚ್‌ಗಳೇ ಇರಬೇಕು. ಗಂಡಿಗೆ ಕೆಂಪು ಬರುವುದು ಅದು ತಿನ್ನುವ ಹಣ್ಣು, ಬೀಜಗಳಲ್ಲಿನ ಕ್ಯಾರೋಟಿನಾಯ್ಡ್‌ಗಳಿಂದ. ಬೇಸಿಗೆಯ ಕೊನೆಯಲ್ಲಿ ಹೊಸ ಗರಿ ಮೂಡುವಾಗ ಅವು ಸಾಲದಿದ್ದರೆ ಬಣ್ಣ ಕಿತ್ತಳೆಗೋ ಹಳದಿಗೋ ಇಳಿಯುತ್ತದೆ. ಮುಂದಿನ ವರ್ಷ ಅದೇ ಹಕ್ಕಿ ಕೆಂಪಾಗಲೂಬಹುದು.

ಗುರುತಿಸಲು ಬಣ್ಣವನ್ನು ಬದಿಗಿಟ್ಟು ಆಕಾರ ನೋಡಿ: ಬಾಗಿದ ದಪ್ಪ ಮೋಟು ಕೊಕ್ಕು, ಹೊಟ್ಟೆಯ ಪಕ್ಕಗಳಲ್ಲಿ ಕಂದು ಗೀರುಗಳು. ಹಳದಿ ಬಣ್ಣದ ಅಮೆರಿಕನ್ ಗೋಲ್ಡ್‌ಫಿಂಚ್‌ಗೆ ಈ ಗೀರುಗಳಿಲ್ಲ.

ಬಿಳಿ ಮಚ್ಚೆ ಬಹುಮಟ್ಟಿಗೆ ಲ್ಯೂಸಿಸಂ. ಆ ಗರಿಗಳಿಗೆ ಮೆಲನಿನ್ ಸೇರಿಲ್ಲ, ಅಷ್ಟೆ. ಕಣ್ಣು ಕಪ್ಪಗಿದ್ದರೆ ಅಲ್ಬಿನೊ ಅಲ್ಲ.

ನೀವು ನಿಜಕ್ಕೂ ಗಮನಿಸಬೇಕಾದದ್ದು ಕಣ್ಣನ್ನೇ. ರೆಪ್ಪೆ ಊದಿ ಪಿಸುರುಗಟ್ಟಿದ್ದರೆ ಅದು ಅಮೆರಿಕದಲ್ಲಿ 1994ರಲ್ಲಿ ಈ ಹಕ್ಕಿಗಳಲ್ಲಿ ಮೊದಲು ಕಂಡ ಅಂಟುರೋಗ. ಕೂಡಲೇ ಬುಟ್ಟಿ ಇಳಿಸಿ, 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ ತೊಳೆದು, ಪೂರ್ತಿ ಒಣಗಿಸಿ. ಹಕ್ಕಿಗಳು ಚದುರುವವರೆಗೆ ಕೆಲ ದಿನ ಕಾಳು ಹಾಕಬೇಡಿ.