ಇಂದಿನ ಧಮ್ಮ ಚಿಂತನೆ: ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುವುದು

ಇಂದಿನ ಅಭ್ಯಾಸದ ವಿಷಯ *ಮೈತ್ರಿ*.

ಬಿಡುವಿದ್ದ ಭಾನುವಾರ ನಾನು ನಸುಕಿನಲ್ಲೇ ಬೈಲಹೊಂಗಲದಿಂದ ಬೈಕ್ ಹತ್ತಿ ಸವದತ್ತಿ ಹತ್ತಿರದ ನವಿಲುತೀರ್ಥದ ಹಿನ್ನೀರಿಗೆ ಹೋಗುತ್ತೇನೆ. ಚಳಿಗಾಲ ಕಳೆದಂತೆ ಮಲಪ್ರಭೆಯ ನೀರು ಹಿಂದೆ ಸರಿದು ಹಸಿ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿ ಹುಳ ಹೆಕ್ಕಲು ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಗಳು ಸೇರುತ್ತವೆ. ಗುಬ್ಬಿಯಷ್ಟೇ ಗಾತ್ರ, ತೂಕ 30 ಗ್ರಾಂ ಆಸುಪಾಸು. ಉತ್ತರ ಧ್ರುವದ ಹತ್ತಿರದ ಬಯಲಲ್ಲಿ ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಕಡೆ ಬರುತ್ತವೆ.

ನಿಂತು ಫೋಟೋ ತೆಗೆದರೆ ಹಕ್ಕಿಯ ಬೆನ್ನು, ಸುತ್ತ ಕೆಸರು ಅಷ್ಟೇ ಕಾಣುತ್ತದೆ. ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾವನ್ನು ನೆಲದಿಂದ ಒಂದು ಗೇಣಿಗಿಂತ ಕೆಳಗೆ ಇಟ್ಟರೆ ಅದರ ಕಣ್ಣು ನಮ್ಮ ಕಣ್ಣಿಗೆ ಸಮನಾಗುತ್ತದೆ. ಹಿಂದಿನ ನೀರು ಮಸುಕಾಗಿ ಹಕ್ಕಿಯೊಂದೇ ಎದ್ದು ಕಾಣುತ್ತದೆ. ಸೂರ್ಯ ಬೆನ್ನಿಗಿರಬೇಕು. ಲೆನ್ಸಿನ ಕೆಳಗೆ ಮರಳು ತುಂಬಿದ ಚೀಲ ಇಡಬೇಕು. ಫೋಕಸ್ ಕಣ್ಣಿನ ಮೇಲಿರಬೇಕು. ಎತ್ತರದ ಆಕಾರ ಕಂಡರೆ ಅವು ಹೆದರುತ್ತವೆ. ಅಲುಗಾಡದೆ ಮಲಗಿದವನ ಹತ್ತಿರ ಎಷ್ಟೋ ಸಲ ತಾವೇ ಬರುತ್ತವೆ.

ಒಮ್ಮೆ ಮೈಯೆಲ್ಲ ಕೆಸರಾಗಿ ಮನೆಗೆ ಬಂದಾಗ ಅವ್ವ ಸಿಟ್ಟಾದಳು. “ನಿಮ್ಮ ಮುತ್ಯಾ ಗೌಡ್ರ ಕಟ್ಟಿ ಮುಂದ ನಡಾ ಬಗ್ಗಿಸಿ ನಿಂತು ನಿಂತು ಸತ್ತ. ನೀ ನೋಡಿದ್ರ ನಿನ್ನಷ್ಟಕ್ಕ ನೀನ ಕೆಸರಾಗ ಮಲಕ್ಕೊಂಡ ಬರ್ತಿ!”

ಆ ಮಾತು ಚುಚ್ಚಿತು. ದನ, ಹಕ್ಕಿ ಕುಡಿಯುವ ಕೆರೆ ನಮ್ಮವರಿಗೆ ಮಾತ್ರ ನಿಷಿದ್ಧವಾಗಿತ್ತು. 1927ರ ಮಾರ್ಚ್ 20ರಂದು ಮಹಾಡದ ಚೌದಾರ ಕೆರೆಯ ನೀರು ಕುಡಿದು ಬಾಬಾಸಾಹೇಬರು ನಮ್ಮನ್ನು ತಲೆ ಎತ್ತಿ ನಿಲ್ಲಿಸಿದರು. “ಅವ್ವಾ, ಮುತ್ಯಾ ಹೆದರಿ ಬಗ್ಗಿದ. ನಾ ನನ್ನ ಮನಸ್ಸಿಂದ ಬಗ್ಗತೇನಿ” ಎಂದೆ. ಉತ್ತರ ಸರಿಯಿದೆ ಎಂದುಕೊಂಡೆ.

ಆದರೆ ಅದೇ ಬೇಸಿಗೆಯಲ್ಲಿ ತಪ್ಪು ಮಾಡಿದೆ. ದಂಡೆಯ ಗರಸಿನ ಮೇಲೆ, ಕಣ್ಣಿನ ಸುತ್ತ ಹಳದಿ ಉಂಗುರವಿರುವ ಲಿಟಲ್ ರಿಂಗ್ಡ್ ಪ್ಲೋವರ್ ಹಕ್ಕಿ ನನ್ನ ಮುಂದೆ ರೆಕ್ಕೆ ಮುರಿದಂತೆ ಎಳೆದುಕೊಂಡು ಕುಂಟುತ್ತ ಓಡಿತು. ಒಳ್ಳೆಯ ಚಿತ್ರ ಸಿಕ್ಕಿತೆಂದು ಮಲಗಿಯೇ ಇಪ್ಪತ್ತು ನಿಮಿಷ ಕ್ಲಿಕ್ಕಿಸಿದೆ. ಏಳುವಾಗ ಮೊಣಕೈ ಪಕ್ಕದಲ್ಲೇ ಕಲ್ಲಿನ ಬಣ್ಣದ ನಾಲ್ಕು ತತ್ತಿ ಕಂಡವು. ಈ ಹಕ್ಕಿ ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ತತ್ತಿ ಇಡುತ್ತದೆ. ಬಿಸಿಲಲ್ಲಿ ತಾಯಿಯ ನೆರಳಿಲ್ಲದೆ ತತ್ತಿ ಕೆಡಬಹುದು. ಅದು ಕುಂಟಿದ್ದು ನನ್ನನ್ನು ದೂರ ಸೆಳೆಯಲು. ಅದರ ಭಯವೇ ನನಗೆ ಚಿತ್ರವಾಗಿತ್ತು. ಕೂಡಲೇ ಅಲ್ಲಿಂದ ಹೊರಟೆ. ಆ ತತ್ತಿಗಳು ಉಳಿದವೋ ಇಲ್ಲವೋ ತಿಳಿಯಲಿಲ್ಲ.

ಅಂದು ಅರ್ಥವಾಯಿತು: ಬೇಟೆಗಾರನೂ ಹೊಟ್ಟೆಯ ಮೇಲೆ ತೆವಳುತ್ತಾನೆ. ಮೈ ಕೆಳಗಿಳಿದರೆ ಸಾಲದು, ಆಸೆಯೂ ಇಳಿಯಬೇಕು.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಕರುಣೆ ಮತ್ತು ಮೈತ್ರಿಯನ್ನು ಬೇರೆ ಮಾಡಿ ತೋರಿಸುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳಿಗೆ ಹರಡುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಇದನ್ನೇ ಹೇಳುತ್ತದೆ. ಬಲವಂತಕ್ಕೆ ಬಾಗುವುದು ಗುಲಾಮಗಿರಿ. ನಮಗಿಂತ ದುರ್ಬಲ ಜೀವದ ಭಯ ಹೋಗಲೆಂದು ಬಾಗುವುದು ಮೈತ್ರಿ. ಅವ್ವನಿಗೆ ನಾನು ಕೊಟ್ಟ ಉತ್ತರದಲ್ಲಿ ಈ ಅರ್ಧ ಬಿಟ್ಟುಹೋಗಿತ್ತು.

ಈಗ ನನ್ನ ನಿಯಮಗಳು ಇವು: ಹಕ್ಕಿ ಮೇಯುವುದನ್ನು ಬಿಟ್ಟು ತಲೆ ಎತ್ತಿದರೆ ಅಲ್ಲಿಗೇ ನಿಲ್ಲುತ್ತೇನೆ. ಹಾರುವ ಚಿತ್ರಕ್ಕಾಗಿ ಗುಂಪನ್ನು ಎಬ್ಬಿಸುವುದಿಲ್ಲ; ದೂರ ಪ್ರಯಾಣಕ್ಕೆ ಅವು ಕೊಬ್ಬು ಕೂಡಿಡಬೇಕು. ಬೇಸಿಗೆಯಲ್ಲಿ ಗರಸಿನ ದಂಡೆಗೆ ಕಾಲಿಡುವುದಿಲ್ಲ. ತತ್ತಿ ಇಟ್ಟ ಜಾಗವನ್ನು ಯಾವ ಗ್ರೂಪಿನಲ್ಲೂ ಹೇಳುವುದಿಲ್ಲ.

*ಇಂದಿನ ಅಭ್ಯಾಸ:* ಮನೆಯಲ್ಲಿ ನಮಗೆ ಹೆದರುವವರು ಯಾರು? ಮಗುವೋ, ಸೊಸೆಯೋ, ಬಾಗಿಲಿಗೆ ಬರುವ ನಾಯಿಯೋ? ಇಂದು ಹತ್ತು ನಿಮಿಷ ಅವರ ಕಣ್ಣಿನ ಮಟ್ಟಕ್ಕೆ ಇಳಿದು, ಏನನ್ನೂ ಕೇಳದೆ ಕೂತು ನೋಡೋಣ. ಭಾನುವಾರದ ವಂದನೆಯ ನಂತರ ಅನುಭವ ಹಂಚಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.