ಚಳಿಗಾಲದ ನಡಿಗೆ ಮತ್ತು ಹಕ್ಕಿಗಳ ವೀಕ್ಷಣೆ

ನಡಿಗೆಯು ಬಡವ ಬಲ್ಲಿದರೆನ್ನದೆ ಸರ್ವರಿಗೂ ಒದಗುವ ವ್ಯಾಯಾಮವಾಗಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಚಳಿಗಾಲದಲ್ಲಿ ಹೊದಿಕೆ ಬಿಟ್ಟೇಳುವುದೇ ನಮಗೆ ಕಷ್ಟ. ಮನೆಯಲ್ಲಿ ನಾಯಿಯಿದ್ದರೆ ಈ ಆಲಸ್ಯಕ್ಕೆ ಎಡೆಯಿರದು. ಅದು ನಮ್ಮನ್ನು ದಿನವೂ ಹೊರಡಿಸುತ್ತದೆ. ದಾರಿಯಲ್ಲಿ ಅದು ನೆಲ ಮೂಸುತ್ತ ನಿಂತಾಗ ನಾವು ತಲೆಯೆತ್ತಿ ನೋಡಿದರೆ ಹಕ್ಕಿಗಳು ಕಾಣುತ್ತವೆ.

ದೂರದ ಹಕ್ಕಿಯನ್ನು ನೋಡುವಾಗ, ಹತ್ತಿರದ ಕೆಲಸದಿಂದ ಬಿಗಿದ ಕಣ್ಣಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಬೆಳಗಿನ ಬೆಳಕು ರಾತ್ರಿಯ ನಿದ್ರೆಯನ್ನು ಕ್ರಮಗೊಳಿಸುತ್ತದೆ. ಹಕ್ಕಿಗಳನ್ನು ಕಂಡಾಗ ಅಥವಾ ಅವುಗಳ ದನಿ ಕೇಳಿದಾಗ ಮೂಡುವ ನೆಮ್ಮದಿಯು ಕೆಲವು ಗಂಟೆಗಳ ಕಾಲ ಉಳಿಯಬಲ್ಲದೆಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2022ರಲ್ಲಿ ತಿಳಿಸಿದ್ದಾರೆ.

ಚಳಿಗಾಲವು ನಮ್ಮ ನಾಡಿಗೆ ವಲಸೆ ಹಕ್ಕಿಗಳು ಬರುವ ಕಾಲ. ಕೆರೆಯಂಚಿನಲ್ಲಿ ಬಾಲ ಕುಣಿಸುವ ಸಿಪಿಲೆಗಳೂ ಜೋಳದ ಹೊಲಗಳಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡುಗಳೂ ಕಾಣಸಿಗುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಈ ಕೆರೆಯು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಈ ಅತಿಥಿಗಳ ವಿಷಯದಲ್ಲಿ ನಮ್ಮ ಹೊಣೆ ದೊಡ್ಡದು. ಮರಳಿ ಹೋಗುವ ದೀರ್ಘ ಪಯಣಕ್ಕೆ ಬೇಕಾದ ಕೊಬ್ಬನ್ನು ಅವು ಇಲ್ಲಿಯೇ ಮೇಯ್ದು ಕೂಡಿಸಿಕೊಳ್ಳಬೇಕು. ನಾಯಿಯು ಒಮ್ಮೆ ಅಟ್ಟಿದರೂ ಮೇವು ನಿಲ್ಲುತ್ತದೆ, ಕೂಡಿಟ್ಟ ಶಕ್ತಿ ವ್ಯಯವಾಗುತ್ತದೆ. ನಮ್ಮ ನಾಯಿಗೆ ಅದು ಆಟ, ಹಕ್ಕಿಗೆ ಪ್ರಾಣಭಯ. ಆದುದರಿಂದ ಹಕ್ಕಿಗಳಿರುವಲ್ಲಿ ನಾಯಿಯ ಹಗ್ಗವನ್ನು ಬಿಡಲೇಬಾರದು. ಹಕ್ಕಿಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿ ನಮ್ಮತ್ತ ನೋಡಿದರೆ ಹತ್ತಿರ ಬಂದೆವೆಂದೇ ಅರ್ಥ. ಅಲ್ಲಿಂದ ಹಿಂದೆ ಸರಿಯಬೇಕು.

ಪಾಲಿಸಬೇಕಾದ ಕ್ರಮಗಳು:

1. ಚಳಿಯಲ್ಲಿ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುವುದುಂಟು. ಹೃದ್ರೋಗಿಗಳೂ ಉಬ್ಬಸವುಳ್ಳವರೂ ಬಿಸಿಲೇರಿದ ಬಳಿಕ, ವೈದ್ಯರ ಸಲಹೆ ಪಡೆದು ನಡೆಯಬೇಕು.

2. ಕಿವಿ, ಎದೆಗಳನ್ನು ಬೆಚ್ಚಗಿರಿಸಿ, ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಬೇಕು.

3. ಹಗ್ಗವನ್ನು ಬೆರಳುಗಳಿಗೆ ಸುತ್ತಿಕೊಳ್ಳಬಾರದು. ನಾಯಿಯು ಫಕ್ಕನೆ ಎಳೆದರೆ ಬೆರಳು ಮುರಿಯಬಹುದು, ವೃದ್ಧರು ಮುಗ್ಗರಿಸಿ ಬೀಳಬಹುದು.

4. ಹಕ್ಕಿಯನ್ನು ನೋಡಬೇಕಾದಾಗ ನಿಂತು ನೋಡಬೇಕು. ನಡೆಯುತ್ತ ಮೇಲೆ ನೋಡಬಾರದು.

5. ನಾಯಿಗೆ ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಕಂಡ ಹಕ್ಕಿಗಳ ಹೆಸರನ್ನು ದಿನವೂ ಬರೆದಿಡುವುದು ಒಳ್ಳೆಯ ಅಭ್ಯಾಸ. ಮಕ್ಕಳನ್ನೂ ಜೊತೆಗೆ ಕರೆದೊಯ್ದರೆ ಅವರಿಗೆ ನಡಿಗೆಯೊಡನೆ ಜೀವದಯೆಯ ಪಾಠವೂ ದೊರೆಯುತ್ತದೆ. ನಮ್ಮ ಆರೋಗ್ಯಕ್ಕಾಗಿ ಕೈಗೊಂಡ ನಡಿಗೆಯಿಂದ ಇನ್ನೊಂದು ಜೀವಕ್ಕೆ ನೋವಾಗದಂತೆ ನಾವೆಲ್ಲರೂ ಎಚ್ಚರ ವಹಿಸೋಣ.